ಮೊದಲು ಸಿಕ್ಕ ಕಂಪೈಲರ್

ಸಿರವಾರದ ಶಾಲೆಯೊಂದರ ಹೆಡ್‌ಮಾಸ್ತರರ ಎದುರು, ನನ್ನ ಅಂಗಡಿಯಲ್ಲೇ, ನನ್ನ ಗೆಳೆಯನನ್ನು ಸುಳ್ಳುಗಾರ ಎಂದೆ. ಅವನು ಹೇಳಿದ್ದು ನಿಜ ಎಂದು ನಾಲ್ಕು ದಿನಕ್ಕೇ ನನಗೆ ಗೊತ್ತಾಯಿತು. ಏಳು ತಿಂಗಳು ಬಾಯಿ ಬಿಡಲಿಲ್ಲ.

ನಾನು ಮೆಟ್ರಿಕ್ ಓದಿದವನು. ರೇಡಿಯೋ, ಟೀವಿ ರಿಪೇರಿ ಮಾಡುತ್ತ ಮಾಡುತ್ತ ದೇವದುರ್ಗದ ನನ್ನ ಅಂಗಡಿ ಕಂಪ್ಯೂಟರ್ ರಿಪೇರಿಗೆ ಬಂದು ನಿಂತಿತು. ಗೆಳೆಯ ಮಾನ್ವಿಯವನು, ದಿನಾ ಬಸ್ಸಿಗೆ ಬಂದು ಎದುರಿನ ಮೇಜಿಗೆ ಕೂರುತ್ತಿದ್ದ. ಇಬ್ಬರಿಗೂ ಅರವತ್ತು ದಾಟಿದ್ದರೂ ತಿಳಿಯದ್ದನ್ನು ಬಿಚ್ಚಿ ನೋಡುವ ಚಟ ಹೋಗಿರಲಿಲ್ಲ. ಆ ಶಾಲೆಯ ಕಂಪ್ಯೂಟರ್ ಕೋಣೆಯನ್ನು ಪ್ರತಿ ಶನಿವಾರ ನೋಡಿಕೊಳ್ಳುತ್ತಿದ್ದವನೂ ಅವನೇ.

ಅಲ್ಲಿಯ ಹಳೆಯ ಯಂತ್ರಗಳಿಗೆ ಹಗುರವಾದ ಕರ್ನೆಲ್ ಬೇಕಾಗಿತ್ತು. ಯಂತ್ರಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವುದು ಕರ್ನೆಲ್. ಅದರ ಬರಹ ಪುಕ್ಕಟೆ ಸಿಗುತ್ತದೆ. ಬೇಡದ ಭಾಗ ಬಿಟ್ಟು, ಉಳಿದದ್ದನ್ನು ಕಂಪೈಲರ್ ಎಂಬ ಸಾಧನದಿಂದ ಯಂತ್ರದ ಭಾಷೆಗೆ ಇಳಿಸಬೇಕು. ಅದಕ್ಕೆ ಹೊಸ ಕಂಪೈಲರ್ ಬೇಕೆಂದು ಓದಿ ಗೆಳೆಯ ಅದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿದ.

ಹೆಡ್‌ಮಾಸ್ತರರು ಕೆಲಸ ನೋಡಲು ಬಂದ ದಿನ ಆಜ್ಞೆ ಕೊಟ್ಟೆವು. ಶುರುವಾಗುವ ಮೊದಲೇ ನಿಂತಿತು. ಕಂಪೈಲರ್ ತೀರಾ ಹಳೆಯದು ಎಂದು ಪರದೆಯ ಮೇಲೆ ಬಂತು.

"ಹೊಸದು ಹಾಕೀನಿ ಅಂದಿದ್ದಿ," ಎಂದೆ.

"ಹಾಕೀನಿ, ದೋಸ್ತ್. ನಿನ್ನೆ ಸಂಜಿಕೇ ಹಾಕೀನಿ."

"ಯಂತ್ರ ಸುಳ್ಳು ಹೇಳ್ತದೇನು? ನೀ ಹೇಳಾಕತ್ತಿದಿ."

ಹೆಡ್‌ಮಾಸ್ತರರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಗೆಳೆಯ ಊಟದ ಡಬ್ಬಿ ಕೈಗೆತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದ. ಮತ್ತೆ ಬರಲಿಲ್ಲ. ಶಾಲೆಯವರೂ ಅವನನ್ನು ಕರೆಯುವುದು ಬಿಟ್ಟರು.

ನನ್ನನ್ನು ಆಗ ಕಾಡಿದ್ದು ಅವನ ಮುಖವಲ್ಲ, ಆ ಯಂತ್ರ. ಅದು ಕಂಪೈಲರನ್ನು ಹುಡುಕುವುದು ಹೇಗೆ? ಕರ್ನೆಲ್ ಕಟ್ಟುವ ಸೂಚನೆಗಳಿರುವ ಕಡತ ತೆರೆದು, ನಿಘಂಟು ಪಕ್ಕಕ್ಕಿಟ್ಟುಕೊಂಡು ಮೂರು ದಿನ ಓದಿದೆ. ಬೆರಗಾಯಿತು. ಅಲ್ಲಿ ಕಂಪೈಲರಿನ ಹೆಸರಷ್ಟೇ ಇತ್ತು, ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ ಇರಲಿಲ್ಲ. ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕೆಂಬ ಸಾಲು ಬೇರೆ ಕಡೆ ಇರುತ್ತದೆ. ಯಂತ್ರ ಆ ಸಾಲಿನಂತೆ ಒಂದೊಂದನ್ನೇ ನೋಡುತ್ತ ಹೋಗಿ, ಆ ಹೆಸರಿನದು ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ಎತ್ತಿಕೊಳ್ಳುತ್ತದೆ. ಬಸ್ಸಿಳಿದವನು ಮೊದಲು ಕಂಡ ಅಂಗಡಿಯಲ್ಲೇ ಚಹಾ ಕುಡಿದ ಹಾಗೆ.

ನಾಲ್ಕನೆಯ ದಿನ ಯಂತ್ರವನ್ನೇ ಕೇಳಿದೆ: ನೀನು ಎತ್ತಿಕೊಂಡದ್ದು ಯಾವುದು? ಅದು ತೋರಿಸಿದ್ದು ನಾನೇ ಇಟ್ಟದ್ದನ್ನು. ರಾಯಚೂರಿನ ಅಕ್ಕಿ ಗಿರಣಿಯೊಂದರ ತೂಕದ ಯಂತ್ರದ ತಂತ್ರಾಂಶಕ್ಕೆಂದು ಹಿಂದಿನ ವರ್ಷ ನಾನೇ ಒಂದು ಹಳೆಯ ಕಂಪೈಲರ್ ತಂದು, ಸಾಲಿನಲ್ಲಿ ಮುಂದಿರುವ ಫೋಲ್ಡರಿಗೆ ಹಾಕಿ ಮರೆತಿದ್ದೆ. ಗೆಳೆಯ ಹಾಕಿದ ಹೊಸದು ಹಿಂದಿನ ಫೋಲ್ಡರಿನಲ್ಲಿ ಸುಮ್ಮನೆ ಕುಳಿತಿತ್ತು.

ನಾನು ಮಾಡಿದ್ದೇನು? ಹಳೆಯದನ್ನು ಅಲ್ಲೇ ಬಿಟ್ಟು, ಹೊಸ ಕಂಪೈಲರಿನ ಪೂರ್ತಿ ವಿಳಾಸ ಬರೆದು ಆಜ್ಞೆ ಕೊಟ್ಟೆ. ಕರ್ನೆಲ್ ತಯಾರಾಯಿತು. ಶಾಲೆಗೆ ಒಯ್ದು ಹಾಕಿ, "ಭೇಷ್" ಅನ್ನಿಸಿಕೊಂಡು ಬಂದೆ.

ಕಳೆದ ತಿಂಗಳು ಮಾನ್ವಿಗೆ ಹೋದೆ. ಅವನ ಹೆಂಡತಿ, "ಬರ್ರಿ ಅಣ್ಣಾರ, ದಾರಿ ತಪ್ಪಿ ಬಂದಿರೇನು?" ಎಂದು ನೀರು ಕೊಟ್ಟಳು. ಅವನ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಇಷ್ಟು:

"ಮೊದಲಿಂದು ಸಿಕ್ಕ ಮ್ಯಾಲ ಹಿಂದಿಂದು ನೋಡೋದೇ ಇಲ್ಲೇನು ಅದು?"

"ಇಲ್ಲ ಭಾಯ್."

"ನೀನೂ ನೋಡಲಿಲ್ಲ ಬಿಡು. ಎದುರಿಗೆ ನಾ ಸಿಕ್ಕೆ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

"ನನಗ್ಯಾಕ ಹೇಳ್ತಿ? ನಾ ಹಾಕೀನಿ ಅಂತ ನನಗ ಗೊತ್ತೇ ಇತ್ತು. ಸಿರವಾರಕ್ಕ ನಡಿ."

ಹೆಡ್‌ಮಾಸ್ತರರಿಗೆ ಕಂಪೈಲರ್ ಎಂದರೇನೆಂದು ತಿಳಿಯದು. ಗೆಳೆಯ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಸಾಲಾಗಿ ಎರಡು ಚೌಕ ಬರೆದ. ಯಂತ್ರ ಯಾವ ಕಡೆಯಿಂದ ಹುಡುಕುತ್ತ ಬರುತ್ತದೆಂದು ಬಾಣ ಹಾಕಿ ತೋರಿಸಿದ. ಎರಡನೆಯ ಚೌಕದ ಮೇಲೆ ಬೆರಳಿಟ್ಟು, "ಇದು ನಾ ಹಾಕಿದ್ದು ಸರ," ಎಂದ. ಮೊದಲನೆಯದರ ಹತ್ತಿರ ಬಂದು ನಿಂತುಬಿಟ್ಟ. ನನ್ನ ಕಡೆ ನೋಡಿದ.

"ಅದು ನಾ ಇಟ್ಟಿದ್ದು ಸರ," ಎಂದೆ. "ಇವ ಸುಳ್ಳು ಹೇಳಿರಲಿಲ್ಲ. ನಾನೇ ಇವನ ಮ್ಯಾಲ ತಪ್ಪು ಹೊರಿಸಿದ್ದೆ. ಗೊತ್ತಾದ ಮ್ಯಾಲೂ ಸುಮ್ಮನಿದ್ದೆ."

ಹೆಡ್‌ಮಾಸ್ತರರು ನನ್ನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಅವನಿಗೆ ಕೇಳಿದರು, "ಶನಿವಾರ ಮೊದಲಿನಂಗ ಬರ್ತೀರೇನ್ರಿ?"

"ಮೊದಲು ಇವನ ಅಂಗಡ್ಯಾಗಿನ ಆ ಹಳೇದನ್ನ ತೆಗೀಬೇಕ್ರಿ ಸರ," ಎಂದ ಗೆಳೆಯ, ಕೈಗೆ ಹತ್ತಿದ ಸುಣ್ಣ ಒರೆಸಿಕೊಳ್ಳುತ್ತ. "ಏಳು ತಿಂಗಳಾತು, ಇನ್ನೂ ಅಲ್ಲೇ ಇಟ್ಕೊಂಡು ಕೂತಾನ."