ಸಾಲಹಳ್ಳಿಯ ಹುಡುಗಿಯರಿಗೆ ಲ್ಯಾಕ್ರೋಸ್ ಕಲಿಸಲು ಹೋಗಿ

ಸಾಲಹಳ್ಳಿಗೆ ಬಂದ ಮೊದಲ ಮಧ್ಯಾಹ್ನ ನನ್ನ ತಲೆಯ ಮೇಲಿಂದ ದನಿಯೊಂದು ಕೇಳಿಸಿತು. "ಅಕ್ಕೋರ, ಯಾಕ ಅಳಾಕ ಹತ್ತೀರಿ?" ಬೆಚ್ಚಿಬಿದ್ದು ನೋಡಿದರೆ ಚಾವಣಿಯ ತೂತಿನಲ್ಲಿ ಒಂದು ಮುಖ! ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹತ್ತಿದ್ದ ಮನೆಯೊಡತಿ ಮಲ್ಲವ್ವ ಬಗ್ಗಿ ನೋಡುತ್ತಿದ್ದರು. ಈ ತೂತಿಗೆ ಬೆಳಕಿಂಡಿ ಎನ್ನುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ಕೋಣೆಗೆರಡು ಕಿಟಕಿ. ಇಲ್ಲಿ ಮೊಳ ದಪ್ಪದ ಮಣ್ಣಿನ ಗೋಡೆ, ಕಿಟಕಿಯೇ ಇಲ್ಲ. ಅಳಲು ಕೂಡ ಮರೆ ಇಲ್ಲವಲ್ಲ ಎಂದು ಮತ್ತಷ್ಟು ಅಳು ಬಂತು.

ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಆಟದ ಟೀಚರ್. ಇಲ್ಲಿಯವರ ಬಾಯಲ್ಲಿ ಅಕ್ಕೋರು. ಶಾಲೆಯಿಂದ ಕೋಣೆ, ಕೋಣೆಯಿಂದ ಶಾಲೆ. ಭಾನುವಾರ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋಗಿ ಸೋಪು, ಅಕ್ಕಿ ತಂದರೆ ಅದೇ ಪ್ರವಾಸ. ರೊಟ್ಟಿ ಬಡಿಯಲು ಬಾರದ ಹೆಂಗಸೂ ಇರುತ್ತಾಳೆಂದು ಮಲ್ಲವ್ವ ನಂಬಲೇ ಇಲ್ಲ. ಮೂರನೇ ತಿಂಗಳಿಗೆ ವರ್ಗಾವಣೆಯ ಅರ್ಜಿ ಹಾಕಿದೆ.

ಹುಚ್ಚು ಹಿಡಿಯದಿರಲೆಂದು ಲ್ಯಾಕ್ರೋಸ್ ಶುರು ಮಾಡಿದೆ. ಮೈಸೂರಿನಲ್ಲಿ ತರಬೇತಿ ಪಡೆದಾಗ ಸಿಕ್ಕ ನಾಲ್ಕು ಕೋಲುಗಳಿದ್ದವು. ಕೋಲಿನ ತುದಿಗೆ ಬಲೆಯ ಪುಟ್ಟ ಚೀಲ. ಅದರಲ್ಲೇ ಚೆಂಡು ಹಿಡಿದು, ಅದರಲ್ಲೇ ಎಸೆದು, ಓಡಿ ಗೋಲು ಹೊಡೆಯಬೇಕು. ಹುಡುಗಿಯರು ಕೋಲು ನೋಡಿ "ಇದು ಕವಣಿ ಬಿಡ್ರಿ!" ಎಂದರು. ಜೋಳ ತೆನೆಗಟ್ಟಿದಾಗ ಹಕ್ಕಿ ಓಡಿಸಲು ಕಲ್ಲಿಟ್ಟು ಬೀಸುವ ಹಗ್ಗದ ಕವಣೆ ಅವರಿಗೆ ಹುಟ್ಟಿನಿಂದ ಗೊತ್ತು. ಎಂಟನೆಯ ತರಗತಿಯ ಸಾವಿತ್ರಿ, ಮಲ್ಲವ್ವನ ಮೊಮ್ಮಗಳು, ಕೋಲನ್ನು ತಲೆಯ ಸುತ್ತ ಗಿರಗಿರ ತಿರುಗಿಸಿ, ಕವಣೆಯ ಹಗ್ಗದ ಒಂದು ತುದಿ ಬಿಡುವಂತೆ ಒಂದು ಕೈ ಬಿಟ್ಟೇಬಿಟ್ಟಳು. ಚೆಂಡು ಶಾಲೆಯ ಗೋಡೆ ದಾಟಿ ಯಾರದೋ ಎಮ್ಮೆಯ ಬೆನ್ನಿಗೆ ಬಿತ್ತು. ಆ ಊರಿನಲ್ಲಿ ನಾನು ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಎಸೆಯುವುದೇನೋ ಸರಿ, ಹಿಡಿಯುವುದು ಯಾರಿಗೂ ಬಾರದು. ಕವಣೆಯ ಕಲ್ಲು ಮರಳಿ ಬರುವುದಿಲ್ಲವಲ್ಲ! ಬಂದ ಚೆಂಡಿನ ಜೊತೆಗೇ ಕೋಲನ್ನು ತುಸು ಹಿಂದಕ್ಕೆ ತರಬೇಕು. ಇವರು ಗಟ್ಟಿಯಾಗಿ ಎದುರೊಡ್ಡಿದರೆ ಚೆಂಡು ಪುಟಿದು ಹೋಗುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಹತ್ತಕ್ಕೆ ಎಂಟು ಹಿಡಿಯುತ್ತಿದ್ದವಳು ಸಾವಿತ್ರಿ ಒಬ್ಬಳೇ.

ಬೆಳಗಾವಿಯಲ್ಲಿ ಜಿಲ್ಲೆಯ ಹುಡುಗಿಯರ ಲ್ಯಾಕ್ರೋಸ್ ತಂಡಕ್ಕೆ ಆಯ್ಕೆ ಎಂದು ತಿಳಿಯಿತು. ಮಲ್ಲವ್ವ ಮೊಮ್ಮಗಳನ್ನು ಕಳಿಸಲು ಒಪ್ಪಲಿಲ್ಲ.

"ನಿಮಗಿಂತ ಮೊದಲ ಬಂದ ಅಕ್ಕೋರೆಲ್ಲಾ ವರ್ಷ ತುಂಬೂದ್ರಾಗ ಓಡಿ ಹೋದ್ರು. ನೀವೂ ಆಟದ ಹುಚ್ಚ ಹಚ್ಚಿ ಹೋಗವ್ರ. ಆಮ್ಯಾಲ ಈ ಹುಡುಗಿ ಯಾರ ಮಾರಿ ನೋಡಬೇಕ್ರಿ?"

"ಹೋಗಲ್ಲ ಮಲ್ಲವ್ವ."

"ಆಕಿ ಆರಿಸಿ ಬಂದ್ಲಂದ್ರ ಆಕೀದು ಹತ್ತನೇ ಕ್ಲಾಸ್ ಮುಗಿಯೂತನಕ ನೀವು ಈ ಊರ ಬಿಡಂಗಿಲ್ಲ. ಮಾತ ಕೊಡ್ರಿ."

ಸಾವಿತ್ರಿ ಬಾಗಿಲಲ್ಲಿ ನಿಂತಿದ್ದಳು. ಮಾತು ಕೊಟ್ಟೆ. ಅದೇ ವಾರ ಅಮ್ಮನ ಫೋನು: ಹುಣಸೂರಿನ ಟೀಚರೊಬ್ಬರು ನನ್ನ ಜಾಗಕ್ಕೆ ಬರಲು ಒಪ್ಪಿದ್ದಾರೆ, ನಾನು ಸಹಿ ಹಾಕಿದರೆ ಸಾಕು, ಅವರ ಜಾಗಕ್ಕೆ, ಮೈಸೂರಿನ ಹತ್ತಿರಕ್ಕೆ ಬರಬಹುದು. ಅಮ್ಮ ಅಳುತ್ತಾ ನಗುತ್ತಿದ್ದಳು. ಎಂಟು ದಿನ ತಡಿ ಎಂದೆ.

ಬೆಳಗಾವಿಯ ಮೈದಾನದಲ್ಲಿ ಸಾವಿತ್ರಿಯ ಕಡೆಗೆ ಎತ್ತರದ ಚೆಂಡೊಂದು ಬಂತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅವಳು ಅದನ್ನು ಹಿಡಿಯದೆ ಬಿಡಲಿ ಎಂದು ನಾನು ಬೇಡಿಕೊಂಡೆ. ಅವಳು ಕೋಲನ್ನು ನಾನು ಕಲಿಸಿದಂತೆಯೇ ಹಿಂದಕ್ಕೆ ತಂದು ಹಿಡಿದಳು. ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು.

"ಹಂಗಾರ ಇನ್ನ ನೀವು ಹೋಗಂಗಿಲ್ಲಲ್ರಿ, ಅಕ್ಕೋರ?"

"ಇಲ್ಲವ್ವಾ" ಎಂದೆ. ಫೋನಿನಲ್ಲಿ ಅಮ್ಮ ಅಳುತ್ತಾ ನಕ್ಕಿದ್ದು ನೆನಪಾಯಿತು. ಆದರೂ ಅವಳನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದೆ.

ಹುಣಸೂರಿನ ಟೀಚರಿಗೆ ಆಗುವುದಿಲ್ಲವೆಂದು ತಿಳಿಸಿದ್ದೇನೆ. ಅಮ್ಮನಿಗೆ ಫೋನಿನಲ್ಲಿ ಹೇಳಲು ಮೂರು ಸಲ ಹೊರಟು ಅಡುಗೆ, ಮಳೆ ಅಂತ ಏನೇನೋ ಮಾತಾಡಿ ಇಟ್ಟೆ. ಅವಳು ಈ ಪತ್ರಿಕೆಯನ್ನು ತಪ್ಪದೆ ಓದುತ್ತಾಳೆ. ಅದಕ್ಕೇ ಇದನ್ನು ಇಲ್ಲಿ ಬರೆದಿದ್ದೇನೆ.