ರೇಡಿಯೋ ಹೇಳಿದ ಮೇಲೆ

ನಮ್ಮ ಮನೆಯಲ್ಲಿ ರೇಡಿಯೋ ಹೇಳಿದ ಮೇಲೆ ಮುಗಿಯಿತು, ಎದುರು ಮಾತಿಲ್ಲ. ನಮ್ಮದು ಮೀನುಗಾರರ ಮನೆ. ನಾನು ಹುಟ್ಟುವ ಮೊದಲು, ಗಾಳಿ ಜೋರಿದೆ, ಕಡಲಿಗೆ ಇಳಿಯಬೇಡಿ ಎಂದು ರೇಡಿಯೋ ಹೇಳಿದ ಒಂದು ಬೆಳಿಗ್ಗೆ ನನ್ನ ಸೋದರಮಾವ ನಕ್ಕರಂತೆ. "ರೇಡಿಯೋ ಸಾವಿರ ಹೇಳ್ತದೆ. ಅದಕ್ಕೆ ಹೊಟ್ಟೆ ಉಂಟಾ?" ಎಂದು ದೋಣಿ ಇಳಿಸಿದವರು ಮರಳಲಿಲ್ಲ. ಅಂದಿನಿಂದ ಅಮ್ಮನಿಗೆ ರೇಡಿಯೋ ಅಂದರೆ ದೈವದ ನುಡಿ.

ಇನ್ನೊಂದು ಅಭ್ಯಾಸವೂ ಇತ್ತು. ಬೇಕಾದ ಸುದ್ದಿ ಕೇಳಿದ ಕೂಡಲೇ ರೇಡಿಯೋ ಆರಿಸುವುದು. ದೋಣಿಯಲ್ಲಿ ಬ್ಯಾಟರಿ ಉಳಿಸುತ್ತಿದ್ದವರ ಬುದ್ಧಿ, ಮನೆಗೆ ಕರೆಂಟು ಬಂದ ಮೇಲೂ ಹೋಗಲಿಲ್ಲ.

ಕೆಲವು ವರ್ಷಗಳ ಹಿಂದೆ ಬೆಳಗಿನ ಎಫ್‌ಎಂನಲ್ಲಿ ಹಣದ ಸಲಹೆ ಕೊಡುವವನೊಬ್ಬ ಬರತೊಡಗಿದ. ಸ್ವರ ಬೆಲ್ಲದ ಪಾಕ. ಕೇಳುಗರು ಫೋನ್ ಮಾಡುತ್ತಿದ್ದರು, ಅವನು ಒಂದು ಸ್ಕೀಮಿನ ಹೆಸರು ಹೇಳುತ್ತಿದ್ದ. ಅಮ್ಮನ ಬಳಿ ಮೀನಿನ ಬುಟ್ಟಿ ಹೊತ್ತು ಉಳಿಸಿದ ಹಣವಿತ್ತು, ಮೊಣಕಾಲಿನ ಆಪರೇಷನ್ನಿಗೆಂದು ಇಟ್ಟದ್ದು. "ಎಂತ ಮಾಡುದು ಮಗಾ?" ಎಂದು ಕೇಳಿದಳು. ನನಗೆ ಕೊಟ್ಟಾರದ ಆಫೀಸಿಗೆ ಬಸ್ಸು ತಪ್ಪುತ್ತಿತ್ತು.

"ರೇಡಿಯೋದಲ್ಲೇ ಹೇಳಿದ್ದಾರಲ್ಲ, ಹಾಕಮ್ಮ" ಎಂದೆ. ಹೇಳಿ, ನನ್ನ ಕೈಯಾರೆ ರೇಡಿಯೋ ಆರಿಸಿ ಹೊರಟೆ. ಆಫೀಸಿನಲ್ಲಿ ದಿನವಿಡೀ ಪರರ ಬಿಲ್ಲುಗಳಲ್ಲಿ ತಪ್ಪು ಹುಡುಕುವವಳು ನಾನು! ಆ ಬುದ್ಧಿ ಅಂದು ಎಲ್ಲಿ ಸತ್ತಿತ್ತೋ.

ಅಮ್ಮ ಇದ್ದದ್ದೆಲ್ಲ ಹಾಕಿದಳು. ವರ್ಷ ತುಂಬುವ ಮೊದಲೇ ಸ್ಕೀಮಿನವರ ಆಫೀಸಿಗೆ ಬೀಗ ಬಿತ್ತು. ಆಮೇಲೊಂದು ದಿನ ಬಿಕರ್ನಕಟ್ಟೆಯಲ್ಲಿ ರಿಕ್ಷಾ ಹತ್ತಿದರೆ ಅದರಲ್ಲಿ ಅದೇ ಸ್ವರ, ಬೇರೆ ಸ್ಕೀಮು. ರೇಡಿಯೋ ನನ್ನದಲ್ಲವಲ್ಲ, ಆರಿಸುವ ಹಾಗಿಲ್ಲ. ಕೊನೆಯವರೆಗೂ ಕೇಳಬೇಕಾಯಿತು. ಕಾರ್ಯಕ್ರಮದ ಕೊನೆಯ ಸಂಗೀತ ಮುಗಿಯುತ್ತಿದ್ದಂತೆ ಹೆಂಗಸೊಬ್ಬಳು ಗಡಿಬಿಡಿಯಲ್ಲಿ ಓದಿದಳು: ಇದು ಹಣ ಪಡೆದು ಪ್ರಸಾರ ಮಾಡಿದ ಕಾರ್ಯಕ್ರಮ, ಇಲ್ಲಿನ ಮಾತುಗಳಿಗೆ ನಿಲಯ ಹೊಣೆಯಲ್ಲ. ಈ ಮಾತು ಅಂದೂ ಬಂದಿರಬೇಕು, ನಾನು ಆರಿಸಿದ ಮೇಲೆ.

ಈಗ ದಿನಾ ಕೂತು ಕೊನೆಯವರೆಗೆ ಕೇಳುತ್ತೇನೆ. ಸೋಮವಾರ ಸುರತ್ಕಲ್ಲಿನ ಮೇಷ್ಟ್ರಾಗಿ ಫೋನ್ ಮಾಡಿದವನೇ ಗುರುವಾರ ಗಲ್ಫಿನಿಂದ ಬಂದವನಾಗುತ್ತಾನೆ, ಕೆಮ್ಮು ಮಾತ್ರ ಅದೇ. ಹಣ ಹೋದರೆ ಎಂತ ಮಾಡುವುದು ಎಂದು ಒಬ್ಬನೂ ಕೇಳುವುದಿಲ್ಲ. "ನಿನಗೆ ಕಮಿಷನ್ ಎಷ್ಟು, ಅದನ್ನು ಬೊಗಳು!" ಎಂದು ಗೋಡೆಯ ಕಪಾಟಿನಲ್ಲಿರುವ ರೇಡಿಯೋಗೆ ಕೂಗುತ್ತೇನೆ. ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಆ ಸ್ವರ ಕಿವಿಯೊಳಗೇ ಕೂತಿರುತ್ತದೆ. ಒಮ್ಮೊಮ್ಮೆ ಅದು "ಹಾಕಮ್ಮ" ಎನ್ನುತ್ತದೆ, ನನ್ನದೇ ಸ್ವರದಲ್ಲಿ.

ಮೊನ್ನೆ ಅಮ್ಮನನ್ನೂ ಹಿಡಿದು ಕೂರಿಸಿ ಕೊನೆಯ ಮಾತು ಕೇಳಿಸಿದೆ.

"ಕೇಳಿದಿಯಾ? ರೇಡಿಯೋ ಸುಳ್ಳು ಹೇಳ್ತದಮ್ಮ."

ಅವಳು ಮೊಣಕಾಲು ನೀವಿಕೊಂಡಳು.

"ಹಾಗಾದ್ರೆ ಅಂದು ನನ್ನಣ್ಣ ಹೇಳಿದ್ದೇ ಸರಿ ಅಂತಾಯ್ತು" ಎಂದಳು. "ಸರಿ ಹೇಳಿದವ ಮತ್ತೆ ಕಡಲಿಂದ ಯಾಕೆ ಬರ್ಲಿಲ್ಲ?"

ನಾನು ರೇಡಿಯೋ ಆರಿಸಲು ಎದ್ದರೆ ಅವಳು ಕೈ ಹಿಡಿದಳು.

"ಇರ್ಲಿ ಬಿಡು. ಈಗ ಗಾಳಿಯದ್ದು ಹೇಳ್ತಾರೆ."

ನಮ್ಮ ಮನೆಯಿಂದ ಕಡಲಿಗೆ ಹೋಗುವವರು ಈಗ ಯಾರೂ ಇಲ್ಲ.