ಬಾತುಕೋಳಿಗೆ ಹುಲಿ ಬಗ್ಗಿದ್ದೇಕೆ

“ಅತ್ತಿಗೆ, ಸ್ವಲ್ಪ ಕೂತ್ಕೊಂಡು ಕೇಳಿ. ಗೋಡೆಯಗಲಕ್ಕೂ ಕೆಂಪು ಚಂದ್ರ. ಅದರ ಮುಂದೊಂದು ಬಾತುಕೋಳಿ, ಗುಡಾಣದಂಥ ಹೊಟ್ಟೆ, ಮೇಲೆ ಹಳದಿ ನಿಲುವಂಗಿ. ಒಂಟಿ ಕಾಲಲ್ಲಿ ನಿಂತಿದೆ. ಗಾಳಿ ಬೀಸ್ತು ನೋಡಿ, ಉದುರಿದ ಪುಕ್ಕವೆಲ್ಲ ಬಂಗಾರದ ಮೀನಾಗಿ ಆಕಾಶದಲ್ಲಿ ಈಜ್ತವೆ. ಎದುರಿಗೆ ಹುಲಿ. ಎಂಥಾ ಹುಲಿ ಅಂತೀರಿ, ಮೈಮೇಲಿನ ಪಟ್ಟೆಗಳೂ ಒಂದಕ್ಕೊಂದು ಗುದ್ದಾಡ್ತಿರ್ತವೆ. ಅಂಥ ಹುಲಿ ಬಾತುಕೋಳಿ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚುತ್ತೆ. ಜನ ಬಿದ್ದು ಬಿದ್ದು ನಗ್ತಾರೆ. ಅಷ್ಟರಲ್ಲಿ ದೀಪ ಹಾಕ್ಬಿಡ್ತಾರೆ. ಯಾಕೆ ಬಗ್ಗಿತು ಅತ್ತಿಗೆ? ಅದೊಂದು ಗೊತ್ತಾಗ್ದೆ ನಂಗೆ ತುತ್ತು ಗಂಟಲಲ್ಲಿ ಇಳೀತಿಲ್ಲ.”

ಹೀಗೆಂದವಳು ನನ್ನ ನಾದಿನಿ, ತಮ್ಮನ ಹೆಂಡತಿ. ಟಾಕೀಸಿನಲ್ಲಿ ಕಸ ಗುಡಿಸುವವಳು. ಆಟ ಮುಗಿಯುವ ಹೊತ್ತಿಗೆ ಪೊರಕೆ ಹಿಡಿದು ಬಾಗಿಲ ಪರದೆಯ ಪಕ್ಕ ನಿಲ್ಲಬೇಕು. ಹಾಗಾಗಿ ಕೆಲಸಕ್ಕೆ ಸೇರಿದಾಗಿನಿಂದ ಅವಳು ಕಂಡಿದ್ದೆಲ್ಲ ಸಿನಿಮಾಗಳ ಬಾಲ. ತಲೆ ಒಂದನ್ನೂ ನೋಡಿದವಳಲ್ಲ. ಬಾಲ ನೋಡಿ ತಲೆ ಕಟ್ಟುವುದರಲ್ಲಿ ಪಳಗಿದ್ದಳು. ಈ ಕಾರ್ಟೂನ್ ಕುಂಗ್‌ಫೂ ಸಿನಿಮಾ ಮಾತ್ರ ಕೈಗೆ ಸಿಗಲಿಲ್ಲ. ಹೊರಬರುವ ಮಕ್ಕಳನ್ನು ಕೇಳಿದರೆ ಅವು ಉತ್ತರದ ಬದಲು ಒದೆಯುತ್ತಿದ್ದವು.

ಕೊನೆಗೆ ಅವಳೇ ತೀರ್ಮಾನಿಸಿದಳು: ಗುಟ್ಟೆಲ್ಲ ಆ ಒಂಟಿ ಕಾಲಿನಲ್ಲಿದೆ, ಹಾಗೆ ನಿಂತರೆ ಎಂಥವರೂ ಬಗ್ಗುತ್ತಾರೆ. ಒಲೆಯ ಮುಂದೆ ಒಂಟಿ ಕಾಲು, ನಲ್ಲಿಯ ಮುಂದೆ ಒಂಟಿ ಕಾಲು. “ಇವಳ ಇನ್ನೊಂದು ಕಾಲನ್ನ ಯಾರಾದ್ರೂ ಅಡ ಇಟ್ಕೊಂಡಿದ್ದಾರಾ ಅಕ್ಕಾ?” ಎಂದು ಅವಳ ಗಂಡ ನನ್ನನ್ನು ಕೇಳಿದ.

ಅವಳ ಗುರಿ ಟಾಕೀಸಿನ ಮ್ಯಾನೇಜರ್. ಆ ಮನುಷ್ಯ ಇವಳೊಡನೆ ಬಾಯಿಬಿಟ್ಟು ಮಾತಾಡಿದ್ದಿಲ್ಲ. ಅಲ್ಲಿ ಕಸ, ಇಲ್ಲಿ ಕಸ ಎಂದು ಬೆರಳು ತೋರಿಸುತ್ತಿದ್ದ. ಒಂದು ದಿನ ಅವನೆದುರು ಒಂಟಿ ಕಾಲಲ್ಲಿ ನಿಂತೇಬಿಟ್ಟಳು. “ಕಾಲಿಗೇನು, ಮುಳ್ಳಾ?” ಎಂದು ದಾಟಿಕೊಂಡು ಹೋದ. ತನ್ನ ವಿದ್ಯೆಯಲ್ಲಿ ಏನೋ ಕೊರತೆಯಿದೆ, ಅದು ಸಿನಿಮಾದ ತಲೆಯಲ್ಲಿರಬೇಕು ಎಂದು ಇವಳಿಗೆ ಖಾತ್ರಿಯಾಯಿತು. ಮಾರನೆಯ ದಿನ ಸಿನಿಮಾ ಎತ್ತಿಬಿಡುತ್ತಿದ್ದರು. ಅಂದೇ ಕೌಂಟರಿನಲ್ಲಿ ಟಿಕೆಟ್ ತೆಗೆದು, ನನ್ನನ್ನೂ ಎಳೆದುಕೊಂಡು ಹೋಗಿ, ಪೊರಕೆಯನ್ನು ಮಂಡಿಗಳ ನಡುವೆ ಇಟ್ಟು ಕೂತಳು.

ನನಗಂತೂ ಕಣ್ಣು ಸಾಲಲಿಲ್ಲ. ನೀಲಿ ಬೆಟ್ಟ ಮಡಚಿ ಬೀಸಣಿಗೆಯಾಯಿತು, ಮಳೆಹನಿಗಳು ಗುದ್ದಾಡಿದವು. ಆದರೆ ಹುಲಿ ಮುದುಕ, ಅದರ ಹಲ್ಲು ಕಟ್ಟಿಸಿದ್ದು. ಘರ್ಜಿಸಿದಾಗಲೆಲ್ಲ ಸಡಿಲ. ಕೆಂಪು ಚಂದ್ರ ಬರುತ್ತಲೇ ನಾದಿನಿ ರೂಢಿಯಂತೆ ಎದ್ದಳು, ಕೈಹಿಡಿದು ಕೂರಿಸಿದೆ. ಹುಲಿ ಗುಡುಗಿತು, ಹಲ್ಲು ಹಾರಿತು. ಬಾತುಕೋಳಿ ಅದನ್ನು ತುಳಿದು, ನೋವಿಗೆ ಕಾಲೆತ್ತಿಕೊಂಡಿತು. ಹುಲಿ ಬಗ್ಗಿದ್ದು ಹಲ್ಲು ಹುಡುಕಲು.

ಟಾಕೀಸೆಲ್ಲ ನಗುತ್ತಿತ್ತು. ಇವಳ ಮುಖ ಮಾತ್ರ ಸತ್ತವರ ಮನೆಯಂತಿತ್ತು. “ಮುಳ್ಳು ಚುಚ್ಚಿದಂಗೇ ಆಯ್ತಲ್ಲ ಅತ್ತಿಗೆ. ಆ ಮ್ಯಾನೇಜರ್ ಹೇಳಿದ್ದೇ ಸರಿ.”

ಜನ ಹೊರಟರು, ದೀಪ ಬಂತು. ಬೀಗದ ಕೈ ಗೊಂಚಲು ಬೀಳಿಸಿಕೊಂಡ ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಮಂಡಿಯೂರಿ, ಸೀಟಿನಡಿ ತಡಕಾಡುತ್ತಿದ್ದ. ಗೊಂಚಲು ಇದ್ದದ್ದು ಅದೇ ಸಾಲಿನ ತುದಿಯಲ್ಲಿ, ನಡುದಾರಿಯ ಮೇಲೆ. ನಾದಿನಿ ನನ್ನತ್ತ ನೋಡಿದಳು. ನಿಧಾನವಾಗಿ ಹೋಗಿ, ಗೊಂಚಲಿನ ಪಕ್ಕದಲ್ಲೇ ಅವನ ಮುಂದೆ ನಿಂತು, ಪೊರಕೆ ಹೆಗಲಿಗೇರಿಸಿ, ಒಂದು ಕಾಲೆತ್ತಿದಳು. ಅವನ ಹಣೆ ನೆಲ ಮುಟ್ಟಿತು.

“ಸ್ವಲ್ಪ ನೋಡಮ್ಮಾ, ಎಲ್ಲಾದ್ರೂ ಕಾಣ್ಸುತ್ತಾ?” ಎಂದ.

“ಹುಡುಕಿ ಸಾರ್. ನಿಧಾನಕ್ಕೆ ಹುಡುಕಿ.”

ಸಾಕೆನಿಸುವವರೆಗೆ ಹಾಗೇ ನಿಂತಿದ್ದಳು. ಆಮೇಲೆ ಕಾಲಿಳಿಸಿ, ಗೊಂಚಲನ್ನು ಪೊರಕೆಯ ತುದಿಯಿಂದ ಅವನತ್ತ ಸರಿಸಿ, ಹಿಂದಿನ ಸಾಲಿಗೆ ಹೋಗಿ ಪಾಪ್‌ಕಾರ್ನ್ ಗುಡಿಸತೊಡಗಿದಳು.